ಸೈರನ್ ನಿಂತ ಮೇಲೆ ಗಂಟೆ ಎಷ್ಟು?

ನಮ್ಮ ಸ್ಟುಡಿಯೋದಲ್ಲಿ ಅತಿ ಹೆಚ್ಚು ಕೂಗಾಟ ಆಗಿದ್ದು ರಾಜಕೀಯದ ಬಗ್ಗೆ ಅಂದ್ಕೊಂಡಿದ್ರೆ ತಪ್ಪು. ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಬೇಕು ಅನ್ನೋದರ ಬಗ್ಗೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು ಅದನ್ನ 90ಕ್ಕೆ ಏರಿಸಿದರು. ನಾವು ಬಿಡ್ತೀವಾ? ಪರದೆ ಮೇಲೆ ನಾಲ್ಕು ಕಿಟಕಿ, ನಾಲ್ಕು ಜನ, ಮಧ್ಯದಲ್ಲಿ ನಾನು. ಒಬ್ಬರು ದೇಶ ಕಟ್ಟಬೇಕು ಅಂದರು, ಇನ್ನೊಬ್ಬರು ಮನೆ ಕಟ್ಟೋದು ಯಾವಾಗ ಅಂದರು. ಐವತ್ತು ನಿಮಿಷ ಹೋಯಿತು.

ಮೇಕಪ್ ಒರೆಸಿಕೊಳ್ಳುವಾಗ ಹೊಳೆಯಿತು. ಅಷ್ಟೂ ಹೊತ್ತು ಗಂಟೆಗಳ ಲೆಕ್ಕ ಹಾಕಿದ್ವಿ. ಕೆಲಸ ಮನುಷ್ಯನಿಗೆ ಏನು ಕೊಡುತ್ತೆ, ಅಂತ ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ನಾನೇ. ಹಾಗಾಗಿ ಇವತ್ತು ಅತಿಥಿಗಳಿಲ್ಲ, ಬ್ರೇಕಿಂಗ್ ನ್ಯೂಸ್ ಇಲ್ಲ. ಸ್ವಲ್ಪ ನಿಧಾನವಾಗಿ ಮಾತಾಡೋಣ.

ಕೆಲಸ ಅಂದ್ರೆ ಸಂಬಳ, ಇದು ಮೊದಲ ಉತ್ತರ. ಸುಳ್ಳಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ. ಕೆಲಸ ಕರೆಂಟ್ ಇದ್ದ ಹಾಗೆ. ಇರುವಾಗ ಗಮನಕ್ಕೇ ಬರಲ್ಲ. ಹೋದಾಗಲೇ ಗೊತ್ತಾಗೋದು, ಮನೆಯಲ್ಲಿ ಏನೇನೆಲ್ಲ ಅದರ ಮೇಲೆ ನಡೀತಿತ್ತು ಅಂತ. ನಮ್ಮ ಮನೆಯಲ್ಲಿ ಅದು ಹೋಗಿದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ.

ಅಪ್ಪ ಒಂದು ಕಾರ್ಖಾನೆಯಲ್ಲಿ ಟರ್ನರ್. ಲೇತ್ ಮೇಲೆ ಕಬ್ಬಿಣ ಕಡೆಯುವ ಕೆಲಸ. ಕಾರ್ಖಾನೆ ಹೆಸರು, ಊರ ಹೆಸರು ಎರಡೂ ಬೇಡ ಬಿಡಿ. ಕರ್ನಾಟಕದಲ್ಲಿ ಅಂಥ ಊರುಗಳು ಬೇಕಾದಷ್ಟಿವೆ. ಬೆಳಗ್ಗೆ ಆರಕ್ಕೆ ಮುಂಚೆ ಒಂದು ಸೈರನ್ ಆಗ್ತಿತ್ತು. ಕ್ವಾರ್ಟರ್ಸ್‌ನವರಿಗೆ ಮಾತ್ರ ಅಲ್ಲ, ಇಡೀ ಊರಿಗೇ ಅದು ಗಡಿಯಾರ. ಹಾಲು ಕಾಸೋದು, ಮಕ್ಕಳನ್ನ ಎಬ್ಬಿಸೋದು, ನಲ್ಲಿ ನೀರು ಹಿಡಿಯೋದು, ಎಲ್ಲ ಅದರ ಲೆಕ್ಕದಲ್ಲೇ. ಒಂದು ದಿನ ಕಾರ್ಖಾನೆ ನಿಂತಿತು. ಅಪ್ಪ ವಿಆರ್‌ಎಸ್ ತಗೊಂಡರು. ಆಗ ಅವರಿಗೆ ನಲವತ್ತಾರು ವರ್ಷ. ಬಂದ ಹಣ ಬ್ಯಾಂಕಿಗೆ ಹೋಯಿತು. ಬಡ್ಡಿಯಲ್ಲಿ ಮನೆ ನಡೀತು. ಕೈ ಬಿಗಿ ಹಿಡಿದು, ಆದರೆ ನಡೀತು. ಉಪವಾಸ ಇದ್ದೆವು ಅಂತ ಹೇಳಿದರೆ ಸುಳ್ಳಾಗುತ್ತೆ.

ಹಾಗಾದ್ರೆ ಅಪ್ಪ ಆರಾಮಾಗಿರಬೇಕಿತ್ತು ತಾನೇ? ಇಪ್ಪತ್ತು ವರ್ಷ ಶಿಫ್ಟ್ ಮಾಡಿದವರು. ಓದೋಕೆ ಟೈಮಿಲ್ಲ ಅಂತಿದ್ದವರು. ಮೊದಲು ಹತ್ತು ನಿಮಿಷದಲ್ಲಿ ಪೇಪರ್ ಮುಗಿಸಿ, ಶಿಫ್ಟಿಗೆ ಹೋಗಿ, ಅಲ್ಲಿ ಅದರ ಬಗ್ಗೆ ವಾದ ಮಾಡ್ತಿದ್ದ ಮನುಷ್ಯ ಈಗ ಹನ್ನೊಂದು ಗಂಟೆವರೆಗೂ ಅದೇ ಪೇಪರ್ ಹಿಡಿದು ಜಗಲಿ ಮೇಲೆ ಕೂತಿರ್ತಿದ್ದರು. ಏನು ಸುದ್ದಿ ಅಂದರೆ ಹೇಳೋಕೆ ಬರ್ತಿರಲಿಲ್ಲ. ಒರೆಸಿದ ಸ್ಕೂಟರನ್ನೇ ಮತ್ತೆ ಒರೆಸೋರು. ಗೋಡೆ ಮೇಲೆ ಗಡಿಯಾರ ಇದ್ದರೂ ದಿನಕ್ಕೆ ಹತ್ತು ಸಲ ಒಳಗೆ ಕೂಗಿ "ಗಂಟೆ ಎಷ್ಟಾಯ್ತು?" ಅಂತ ಕೇಳೋರು. ಅಮ್ಮ ಒಮ್ಮೆ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ನನಗಿನ್ನೂ ನೆನಪಿದೆ: "ಇವ್ರು ದಿನವೆಲ್ಲ ಮನೇಲಿದ್ರೆ ಮನೆ ಚಿಕ್ಕದಾಗೋಗುತ್ತೆ ಕಣ್ರೀ."

ನನಗೆ ಆಗ ಸಿಟ್ಟು ಬರ್ತಿತ್ತು, ನಾಚಿಕೆ ಆಗ್ತಿತ್ತು. ಅಪ್ಪ ಸೋಮಾರಿ ಆಗಿಬಿಟ್ಟರು ಅಂತಲೇ ತಿಳಿದಿದ್ದೆ. ಹದಿಮೂರು ವರ್ಷದ ಹುಡುಗ ಹಾಗೆ ತಿಳಿದದ್ದು ದೊಡ್ಡದಲ್ಲ. ಆದರೆ ಇಂಜಿನಿಯರಿಂಗ್ ಮುಗಿಸಿ, ಕೋರ್ಸಿಗೂ ಕೆಲಸಕ್ಕೂ ಸಂಬಂಧ ಇಲ್ಲದೆ ಟಿವಿಗೆ ಬಂದ ಮೇಲೂ ಹಾಗೇ ತಿಳಿದಿದ್ದೆ. ಅದನ್ನ ಬದಲಾಯಿಸಿದ್ದು ಆಸ್ಟ್ರಿಯಾದ ಒಂದು ಹಳ್ಳಿ. ನಿರುದ್ಯೋಗದ ಮೇಲೆ ಒಂದು ಕಾರ್ಯಕ್ರಮಕ್ಕೆ ತಯಾರಿ ಮಾಡುವಾಗ ಅದರ ಬಗ್ಗೆ ಓದಿದೆ. ಕಾರ್ಯಕ್ರಮ ಪ್ರಸಾರ ಆಗಲೇ ಇಲ್ಲ, ಬೇರೇನೋ ದೊಡ್ಡ ಸುದ್ದಿ ಬಂತು. ಹಳ್ಳಿ ಮಾತ್ರ ತಲೆಯಲ್ಲಿ ಉಳೀತು.

ಹಳ್ಳಿ ಹೆಸರು ಮಾರಿಯೆಂಟಾಲ್. ವಿಯೆನ್ನಾ ನಗರಕ್ಕೆ ಹತ್ತಿರ. ಇಡೀ ಊರು ಒಂದು ಬಟ್ಟೆ ಗಿರಣಿಯನ್ನ ನಂಬಿಕೊಂಡಿತ್ತು. 1929ರ ಆರ್ಥಿಕ ಕುಸಿತದ ಹೊಡೆತಕ್ಕೆ ಗಿರಣಿ ಮುಚ್ಚಿತು. ಊರಲ್ಲಿ ಇದ್ದದ್ದು 478 ಕುಟುಂಬ. ಅದರಲ್ಲಿ 367 ಕುಟುಂಬಗಳಲ್ಲಿ ಒಬ್ಬರಿಗೂ ಕೆಲಸ ಇಲ್ಲದ ಸ್ಥಿತಿ ಬಂತು.

ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಪೌಲ್ ಲಜಾರ್ಸ್‌ಫೆಲ್ಡ್ ಎಂಬ ಸಂಶೋಧಕ ಕಾರ್ಮಿಕರು ಬಿಡುವಿನ ವೇಳೆಯನ್ನ ಹೇಗೆ ಕಳೀತಾರೆ ಅಂತ ಅಧ್ಯಯನ ಮಾಡೋಕೆ ಹೊರಟಿದ್ದ. ಅಲ್ಲಿನ ಸಮಾಜವಾದಿ ನಾಯಕ ಒಟ್ಟೊ ಬವರ್ ಹತ್ತಿರ ಇದನ್ನ ಹೇಳಿದಾಗ ಅವರು ರೇಗಿದರಂತೆ. ದೇಶದಲ್ಲಿ ಜನ ಕೆಲಸ ಕಳ್ಕೊಂಡು ಕೂತಿದ್ದಾರೆ, ನಿಂಗೆ ಬಿಡುವಿನ ಚಿಂತೆಯಾ, ನಿರುದ್ಯೋಗವನ್ನ ಅಧ್ಯಯನ ಮಾಡು ಅನ್ನೋ ಧಾಟಿಯಲ್ಲಿ. ಹಾಗೆ ಲಜಾರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಆಗಿನ್ನೂ ಇಪ್ಪತ್ತನಾಲ್ಕರ ಮರೀ ಯಾಹೋದಾ ಎಂಬ ಯುವತಿ ತಮ್ಮ ತಂಡದ ಜೊತೆ 1931ರ ಕೊನೆಯಲ್ಲಿ ಮಾರಿಯೆಂಟಾಲ್‌ಗೆ ಹೋದರು.

ಅವರು ಒಂದು ನಿಯಮ ಹಾಕಿಕೊಂಡಿದ್ದರು. ಸುಮ್ಮನೆ ನೋಡಿಕೊಂಡು ಬರೆದುಕೊಂಡು ಹೋಗೋಕೆ ಯಾರೂ ಆ ಊರಿಗೆ ಕಾಲಿಡಬಾರದು. ಪ್ರತಿಯೊಬ್ಬರೂ ಊರಿಗೆ ಉಪಯೋಗ ಆಗುವ ಏನಾದರೂ ಮಾಡಬೇಕು. ವಿಯೆನ್ನಾದಿಂದ ಬಟ್ಟೆ ಸಂಗ್ರಹಿಸಿ ತಂದು ಹಂಚಿದರು, ಉಚಿತವಾಗಿ ವೈದ್ಯರನ್ನ ಕೂರಿಸಿದರು, ಹೆಂಗಸರಿಗೆ ಬಟ್ಟೆ ಕತ್ತರಿಸುವ ತರಗತಿ ನಡೆಸಿದರು. ಮೈಕ್ ಮುಖಕ್ಕೆ ಹಿಡಿದು "ಈಗ ಹೇಗನಿಸ್ತಿದೆ?" ಅಂತ ಕೇಳಿ ಗಾಡಿ ಹತ್ತುವ ನಮ್ಮಂಥವರು, ನನ್ನನ್ನೂ ಸೇರಿಸಿ, ಇದನ್ನ ಎರಡು ಸಲ ಓದಬೇಕು.

ಅವರು ಕಂಡದ್ದೇನು? ಊರಿನಲ್ಲಿ ಒಂದು ಗ್ರಂಥಾಲಯ ಇತ್ತು. ಈಗ ಎಲ್ಲರಿಗೂ ಬಿಡುವು. ಪುಸ್ತಕದ ಶುಲ್ಕವನ್ನೂ ತೆಗೆದಿದ್ದರು. ಓದು ಹೆಚ್ಚಾಗಬೇಕಿತ್ತಲ್ಲವೇ? 1929ರಿಂದ 1931ರ ನಡುವೆ ಪುಸ್ತಕ ಪಡೆಯೋದು ಸುಮಾರು ಅರ್ಧಕ್ಕೆ ಇಳಿದಿತ್ತು. ಊರಿನ ಉದ್ಯಾನವನ ಗಿರಣಿ ನಡೀತಿದ್ದಾಗ ಚೆಂದ ಇತ್ತು, ಈಗ ಸಾವಿರ ಜೊತೆ ಖಾಲಿ ಕೈ ಇರುವಾಗ ಕಳೆ ಬೆಳೆದು ಹಾಳಾಗಿತ್ತು. ಸಭೆ, ಸಂಘ, ರಾಜಕೀಯ ಪಕ್ಷ ಎಲ್ಲದರಿಂದಲೂ ಜನ ದೂರ ಸರಿದಿದ್ದರು. ಕೆಲಸ ಹೋದರೆ ಜನ ದಂಗೆ ಏಳ್ತಾರೆ ಅಂತ ಆ ಕಾಲದಲ್ಲಿ ಅನೇಕರ ನಂಬಿಕೆ ಇತ್ತು. ಮಾರಿಯೆಂಟಾಲ್ ಜನ ಏಳಲಿಲ್ಲ. ಕೂತುಬಿಟ್ಟರು.

ಒಂದು ಪ್ರಯೋಗವಂತೂ ಮರೆಯೋಕಾಗಲ್ಲ. ಸಂಶೋಧಕರು ಮುಖ್ಯ ಬೀದಿಯಲ್ಲಿ ಜನರಿಗೆ ಕಾಣದ ಹಾಗೆ ನಿಂತು ಅವರ ನಡಿಗೆಯ ವೇಗ ಅಳೆದರು. ಗಂಡಸರು ಹೆಂಗಸರಿಗಿಂತ ನಿಧಾನ ನಡೀತಿದ್ದರು. ನಾಲ್ಕು ಹೆಜ್ಜೆ ಹಾಕೋದು, ನಿಲ್ಲೋದು, ಮತ್ತೆ ನಾಲ್ಕು ಹೆಜ್ಜೆ. ಯಾಕೆ? ಹೋಗಿ ಮುಟ್ಟಬೇಕಾದ ಜಾಗ ಇರಲಿಲ್ಲ. ಹೆಂಗಸರಿಗೂ ಗಿರಣಿ ಕೆಲಸ ಹೋಗಿತ್ತು, ಆದರೆ ಒಲೆ ಹಚ್ಚೋದು, ಬಟ್ಟೆ ಒಗೆಯೋದು, ಇರೋದರಲ್ಲೇ ಹೊಟ್ಟೆ ತುಂಬಿಸೋದು ತಪ್ಪಿರಲಿಲ್ಲ. ಅವರ ದಿನಕ್ಕೆ ಇನ್ನೂ ಬೆಳಗ್ಗೆ, ಮಧ್ಯಾಹ್ನ, ಸಂಜೆ ಇತ್ತು. ದಿನಚರಿ ಬರೆದುಕೊಡಿ ಅಂದಾಗ ಗಂಡಸರು ಎದ್ದದ್ದು, ಉಂಡದ್ದು, ಮಲಗಿದ್ದು ಬರೆದರು. ನಡುವಿನ ಗಂಟೆಗಳಲ್ಲಿ ಏನು ಮಾಡಿದೆವು ಅಂತ ಅವರಿಗೇ ನೆನಪಿರಲಿಲ್ಲ.

ಅದನ್ನ ಓದಿದಾಗ ಜಗಲಿ ಕಣ್ಣಮುಂದೆ ಬಂತು. ಗಂಟೆ ಎಷ್ಟಾಯ್ತು ಅಂತ ಕೇಳುವ ಅಪ್ಪ, ಉತ್ತರ ಕೊಡೋಕೂ ಪುರುಸೊತ್ತಿಲ್ಲದ ಅಮ್ಮ.

ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ನಮಗೆ ಮೊದಲು ಹೇಳಿಕೊಟ್ಟ ಎಚ್ಚರಿಕೆ ಒಂದಿದೆ: ಡಿಸಿ ಸೀರೀಸ್ ಮೋಟಾರನ್ನ ಲೋಡ್ ಇಲ್ಲದೆ ಯಾವತ್ತೂ ಚಾಲೂ ಮಾಡಬೇಡಿ. ಎಳೆಯೋಕೆ ಭಾರ ಇಲ್ಲದಿದ್ದರೆ ಅದರ ವೇಗ ಏರ್ತಾ ಏರ್ತಾ ಹೋಗಿ ಕೊನೆಗೆ ತನ್ನನ್ನೇ ಚೂರು ಮಾಡಿಕೊಳ್ಳುತ್ತೆ. ಮನುಷ್ಯನ ಮೇಲಿನ ಭಾರ ತೆಗೆದರೂ ಹಾಗೇ ಅಂತ ಬಹಳ ಜನ ತಿಳಿದಿದ್ದಾರೆ. ಖಾಲಿ ಕೂತವರು ಕೆಡ್ತಾರೆ, ಕುಡೀತಾರೆ, ಬಡಿದಾಡ್ತಾರೆ ಅಂತ. ಮಾರಿಯೆಂಟಾಲ್‌ನಲ್ಲಿ ಹೆಚ್ಚಿನವರಿಗೆ ಆದದ್ದು ಉಲ್ಟಾ. ಭಾರ ತೆಗೆದ ಕೂಡಲೇ ವೇಗ ಇಳೀತು. ನನ್ನ ಲ್ಯಾಬ್ ಪಾಠ ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

ಆದರೆ ಇಲ್ಲಿ ಒಂದು ಮಾತು ಹೇಳದಿದ್ದರೆ ಮೋಸ ಆಗುತ್ತೆ. ದುಡ್ಡು ಮುಖ್ಯವೇ ಅಲ್ಲ, ಕೆಲಸದ ತೃಪ್ತಿಯೇ ಸಾಕು ಅಂತ ಈ ಕಥೆ ಹೇಳಲ್ಲ. ಆ ಊರಿನ ಜನ ಹಸಿದಿದ್ದರು. ಸಂಶೋಧಕರು ಕುಟುಂಬಗಳನ್ನ ನಾಲ್ಕು ಗುಂಪು ಮಾಡಿದರು. ಧೈರ್ಯ ಕಳೆದುಕೊಳ್ಳದವರಿಂದ ಹಿಡಿದು ಪೂರ್ತಿ ಕೈಚೆಲ್ಲಿದವರ ತನಕ. ಆಮೇಲೆ ವರಮಾನ ಲೆಕ್ಕ ಹಾಕಿದರು. ಮೊದಲ ಗುಂಪಿಗೆ ತಿಂಗಳಿಗೆ ತಲಾ ಸರಾಸರಿ 34 ಶಿಲ್ಲಿಂಗ್, ಕೊನೆಯ ಗುಂಪಿಗೆ 19. ಧೈರ್ಯ ಅನ್ನೋದಕ್ಕೂ ಒಂದು ರೇಟ್ ಇತ್ತು, ಅದರ ವ್ಯತ್ಯಾಸ 15 ಶಿಲ್ಲಿಂಗ್. ಸಂಬಳ ಕೇಳಿದರೆ "ದುಡ್ಡೊಂದೇ ನೋಡಬೇಡಪ್ಪ, ಅನುಭವ ನೋಡು" ಅನ್ನುವ ಬಾಸ್‌ಗಳು ಈ ಲೆಕ್ಕ ನೋಡಬೇಕು.

1933ರಲ್ಲಿ ಪುಸ್ತಕ ಬಂತು. 1936ರಲ್ಲಿ ಯಾಹೋದಾ ಅವರನ್ನು ಅಲ್ಲಿನ ಸರ್ಕಾರ ರಾಜಕೀಯ ಕಾರಣಕ್ಕೆ ಜೈಲಿಗೆ ಹಾಕಿತು. 1937ರಲ್ಲಿ ಅವರು ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಆದರೆ ಆ ಹಳ್ಳಿಯನ್ನ ಅವರು ತಲೆಯಿಂದ ತೆಗೆಯಲಿಲ್ಲ. ಐವತ್ತು ವರ್ಷ ಆದ ಮೇಲೆ, 1980ರ ದಶಕದಲ್ಲಿ, ತಾವು ಅಲ್ಲಿ ಕಂಡದ್ದಕ್ಕೆ ಒಂದು ವಿವರಣೆ ಕೊಟ್ಟರು. ಕೆಲಸ ಕೊಡುವ ಸಂಬಳ ನಮ್ಮ ಕಣ್ಣಿಗೆ ಕಾಣುತ್ತೆ. ಅದರ ಜೊತೆ ಕಾಣದ ಹಾಗೆ ಬೇರೆ ಐದು ಸಿಗ್ತಿರುತ್ತವೆ ಅಂದರು.

ಆ ಐದನ್ನ ನಾನು ಅಪ್ಪನ ಭಾಷೆಯಲ್ಲಿ ಹೇಳ್ತೀನಿ. ಸೈರನ್ ಅಂದ್ರೆ ದಿನಕ್ಕೆ ಒಂದು ಚೌಕಟ್ಟು. ಕ್ಯಾಂಟೀನ್ ಅಂದ್ರೆ ಹೆಂಡತಿ ಮಕ್ಕಳನ್ನ ಬಿಟ್ಟು ಬೇರೆ ಮನುಷ್ಯರು. ಅವರ ಹತ್ತಿರ ಜಗಳ ಆಡಬಹುದು, ನಗಬಹುದು, ಮನೆಯ ವಿಷಯ ಹೇಳ್ಕೋಬಹುದು. ಅಪ್ಪ ಕಡೆದ ಒಂದು ಶಾಫ್ಟ್ ಬೇರೆ ಯಾರೋ ಜೋಡಿಸುವ ಯಂತ್ರದ ಒಳಗೆ ಹೋಗ್ತಿತ್ತು. ಒಬ್ಬನಿಂದಲೇ ಆಗದ್ದನ್ನ ನೂರು ಜನ ಸೇರಿ ಮಾಡುವಾಗ ಅದರಲ್ಲಿ ನಂದೂ ಒಂದು ಪಾಲು ಅನ್ನೋದಿದೆಯಲ್ಲ, ಅದು. ಎದೆ ಮೇಲಿನ ಬ್ಯಾಡ್ಜ್ ಅಂದ್ರೆ ಊರಲ್ಲಿ ನಾನು ಯಾರು ಅನ್ನೋದಕ್ಕೆ ಉತ್ತರ. ಕೊನೆಯದು ಕೈಗೆ ಕೆಲಸ, ಮನಸ್ಸಿದ್ದರೂ ಇಲ್ಲದಿದ್ದರೂ ದಿನಾ ಎದ್ದು ಮಾಡಲೇಬೇಕಾದದ್ದು. ವಿಆರ್‌ಎಸ್ ಚೆಕ್ಕಿನಲ್ಲಿ ಸಂಬಳದ ಲೆಕ್ಕ ಇತ್ತು, ಈ ಐದರ ಲೆಕ್ಕ ಇರಲಿಲ್ಲ.

ಮರೀ ಯಾಹೋದಾ ತೀರಿಕೊಂಡದ್ದು 2001ರಲ್ಲಿ. ಅದೇ ವರ್ಷ ನಮ್ಮಲ್ಲಿ ಇನ್ನೊಂದು ಮಾರಿಯೆಂಟಾಲ್ ಹುಟ್ಟಿತು. ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು.

ಕೆಜಿಎಫ್ ಅಂದರೆ ಈಗ ಸಿನಿಮಾ ನೆನಪಾಗುತ್ತೆ. ನಿಜವಾದ ಕೆಜಿಎಫ್‌ಗೆ ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ಬಂತು. ಬೆಂಗಳೂರಿಗೆ ಬರೋಕೆ ಮೂರು ವರ್ಷ ಮೊದಲೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಆ ಆಳದ ಬಂಡೆಯ ಬಿಸಿ, ತಲೆ ಮೇಲೆ ಸಿಡಿಯುವ ಕಲ್ಲು, ಶ್ವಾಸಕೋಶಕ್ಕೆ ಇಳಿಯುವ ಧೂಳು. ಸಿಲಿಕೋಸಿಸ್ ಆ ಊರಿನ ಮನೆಮಾತು. ಇಳಿದವರಲ್ಲಿ ಬಹಳಷ್ಟು ಜನ ತಮಿಳು ನಾಡಿನಿಂದ ಬಂದ ದಲಿತ ಕುಟುಂಬಗಳವರು. ಚಿನ್ನ ಯಾರ ಕೊರಳಿಗೆ ಹೋಯಿತು, ಕೆಮ್ಮು ಯಾರ ಮನೆಗೆ ಬಂತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ರಿಪೋರ್ಟರ್ ಆಗಿದ್ದಾಗ ಕ್ಯಾಮೆರಾ ಜೊತೆ ಅಲ್ಲಿಗೆ ಹೋಗಿದ್ದೆ. ಸೈನೈಡ್ ದಿಬ್ಬದ ಬುಡದಲ್ಲಿ ಒಬ್ಬ ಹಿರಿಯರು ಸಿಕ್ಕರು. ಹೆಸರು ಕೇಳಿದೆ. ಅವರು ಮೊದಲು ಹೇಳಿದ್ದು ಗಣಿಯ ಟೋಕನ್ ನಂಬರ್. ಹೆಸರು ಆಮೇಲೆ. ಗಣಿ ಮುಚ್ಚಿ ಹತ್ತು ವರ್ಷ ದಾಟಿತ್ತು. ಅವರ ಎದೆ ಕೆಡಿಸಿದ್ದು ಆ ಗಣಿಯೇ, ಮಾತಾಡುವಾಗ ನಡುನಡುವೆ ಕೆಮ್ಮುತ್ತಿದ್ದರು. ಆದರೂ ಒಳಗಿನ ಕಥೆ ಹೇಳುವಾಗ ಅವರ ಬೆನ್ನು ನೆಟ್ಟಗಾಗ್ತಿತ್ತು. ನನಗೆ ಇದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಮನುಷ್ಯನನ್ನ ಕೊಲ್ಲುವ ಕೆಲಸವೇ ಅವನನ್ನ ನಿಲ್ಲಿಸಿಯೂ ಇರುತ್ತದೆ. ಕೆಲಸವನ್ನ ಹೊಗಳುವವರೂ ತೆಗಳುವವರೂ ಇದರಲ್ಲಿ ಅರ್ಧವನ್ನ ಮಾತ್ರ ಹೇಳ್ತಾರೆ.

ಅವರ ಮಕ್ಕಳು, ಮೊಮ್ಮಕ್ಕಳು? ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು ಹತ್ತಿ ನೋಡಿ. ಸಾವಿರಾರು ಜನ ಬೆಂಗಳೂರಿಗೆ ಬಂದು ದುಡಿದು ರಾತ್ರಿ ವಾಪಸ್ ಹೋಗ್ತಾರೆ. ಹೋಗಿ ಬರೋದೇ ನಾಲ್ಕು ಗಂಟೆಗೆ ಕಡಿಮೆ ಇಲ್ಲ. ಅವರ ವಾರದ ಲೆಕ್ಕ ಹಾಕಿದರೆ 70 ಗಂಟೆ ಎಂದೋ ದಾಟಿರುತ್ತೆ. ಅವರನ್ನ ಯಾವ ಚಾನೆಲ್ಲೂ ಡಿಬೇಟಿಗೆ ಕರೆದಿಲ್ಲ.

ಗಂಟೆಯ ವಿಷಯ ಬಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಂದಾಜು ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೀಗೆ ಅತಿ ದುಡಿಮೆಗೆ ಸೇರಿದ ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು 2016 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7 ಲಕ್ಷ 45 ಸಾವಿರ. ಅಂದ್ರೆ ಕೆಲಸ ಇಲ್ಲದಿದ್ದರೆ ದಿನ ಕುಸಿಯುತ್ತೆ, ಕೆಲಸ ಮಿತಿ ಮೀರಿದರೂ ದಿನ ಉಳಿಯಲ್ಲ. ಎರಡರಲ್ಲೂ ಮನುಷ್ಯನಿಗೆ ಬೆಳಗ್ಗೆ, ಸಂಜೆ ಗೊತ್ತಾಗೋದು ನಿಂತುಹೋಗುತ್ತೆ.

ಇಂಥ ಡಿಬೇಟುಗಳಲ್ಲಿ ಯಾರಾದರೊಬ್ಬರು ಬಸವಣ್ಣನವರ ಕಾಲದ ಕಾಯಕವನ್ನ ತಂದೇ ತರ್ತಾರೆ. ತರಲಿ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಹೇಳಲಿ. ಹನ್ನೆರಡನೇ ಶತಮಾನದ ಕಲ್ಯಾಣ. ಲಕ್ಕಮ್ಮನ ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು, ಅದರಲ್ಲೇ ಅವರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹೊಗಳಲಿಲ್ಲ. ನಮಗೆ ಇಷ್ಟು ಯಾಕೆ, ಹೆಚ್ಚಾದದ್ದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಕಾಯಕದ ಹೆಸರಿನಲ್ಲಿ ಓವರ್‌ಟೈಮ್ ಕೇಳುವವರು ಈ ಕಥೆಯ ಹತ್ತಿರ ಸುಳಿಯೋದಿಲ್ಲ. ದುಡಿಮೆಗೆ ಸಾಕು ಅನ್ನೋ ಒಂದು ಗೆರೆ ಹಾಕಿದ್ದು ಅಲ್ಲಿ ಒಬ್ಬ ಹೆಣ್ಣುಮಗಳು.

ಮಾರಿಯೆಂಟಾಲ್‌ನದು ಅಲ್ಲಿಗೇ ಮುಗಿದಿಲ್ಲ. ಸುಮಾರು 90 ವರ್ಷ ಆದ ಮೇಲೆ, 2020ರ ಅಕ್ಟೋಬರ್‌ನಲ್ಲಿ, ಅದೇ ಊರಿನಲ್ಲಿ ಆಸ್ಟ್ರಿಯಾದ ಉದ್ಯೋಗ ಇಲಾಖೆ ಇನ್ನೊಂದು ಪ್ರಯೋಗ ಶುರು ಮಾಡಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ಇಲ್ಲದ ಪ್ರತಿಯೊಬ್ಬರಿಗೂ ಸಂಬಳ ಇರುವ ಕೆಲಸದ ಖಾತ್ರಿ. ಬಲವಂತ ಇಲ್ಲ, ಬೇಕಾದವರು ಸೇರಬಹುದು. ಆಕ್ಸ್‌ಫರ್ಡ್‌ನ ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ವರಮಾನ ಸುಧಾರಿಸಿತು ಅನ್ನೋದು ಆಶ್ಚರ್ಯ ಅಲ್ಲ. ದಿನಕ್ಕೆ ಚೌಕಟ್ಟು ಬಂತು, ಜನರ ಒಡನಾಟ ಹೆಚ್ಚಿತು, ಎಲ್ಲರ ಜೊತೆ ಸೇರಿ ಏನೋ ಮಾಡ್ತಿದೀನಿ ಅನ್ನೋ ಭಾವ ಬಂತು. ಯಾಹೋದಾ ಪಟ್ಟಿ ಮಾಡಿದ್ದವೇ ಹೆಚ್ಚುಕಡಿಮೆ ವಾಪಸ್ ಬಂದವು. ದೈಹಿಕ ಆರೋಗ್ಯದಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಕೆಲಸ ಕೊಟ್ಟ ಕೂಡಲೇ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ, ನೋಡಿ.

ಅಪ್ಪನಿಗೆ ಯಾವ ಇಲಾಖೆಯೂ ಖಾತ್ರಿ ಕೊಡಲಿಲ್ಲ. ಆದರೆ ಎರಡು ವರ್ಷದ ಮೇಲೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದ ಹಳೆಯ ಪರಿಚಯದವರೊಬ್ಬರು ಬಂದರು. ಇಬ್ಬರು ಹುಡುಗರಿಗೆ ಲೇತ್ ಕಲಿಸಿಕೊಡಿ, ದುಡ್ಡು ಜಾಸ್ತಿ ಕೊಡೋಕಾಗಲ್ಲ ಅಂದರು. ನಿಜಕ್ಕೂ ಜಾಸ್ತಿ ಕೊಡಲಿಲ್ಲ. ಮಾರನೇ ದಿನ ಅಪ್ಪ ಅಟ್ಟದ ಮೇಲಿಂದ ಟಿಫನ್ ಕ್ಯಾರಿಯರ್ ಇಳಿಸಿದರು. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಆ ವಾರದಿಂದ ಗಂಟೆ ಎಷ್ಟಾಯ್ತು ಅಂತ ಕೇಳೋದು ನಿಂತುಹೋಯ್ತು. ಯಾವಾಗ ನಿಂತಿತು ಅಂತ ನಾವ್ಯಾರೂ ಆಗ ಗಮನಿಸಲಿಲ್ಲ.

ಈಗ ಅಪ್ಪನಿಗೆ ಎಪ್ಪತ್ತರ ಹತ್ತಿರ. ಅರ್ಧ ದಿನ ಮಾತ್ರ ಹೋಗ್ತಾರೆ. ಆ 90 ಗಂಟೆ ಡಿಬೇಟ್ ದಿನ ರಾತ್ರಿ ಫೋನ್ ಮಾಡಿದ್ದರು. ನನ್ನ ಕಾರ್ಯಕ್ರಮ ನೋಡಿರ್ತಾರೆ, ಏನಾದ್ರೂ ಹೇಳ್ತಾರೆ ಅಂದುಕೊಂಡೆ. ಅದರ ಸುದ್ದಿಯೇ ಇಲ್ಲ. ಅವರು ಕಲಿಸಿದ ಹುಡುಗ ಒಬ್ಬ ಈಗ ಸ್ವಂತ ಲೇತ್ ಹಾಕಿದಾನಂತೆ, ನಂಗೆ ತೋರಿಸಬೇಕಂತೆ. ಶನಿವಾರ ಬೆಳಗ್ಗೆ ಬಂದುಬಿಡ್ತೀನಿ ಅಂದೆ.

"ಬೆಳಗ್ಗೆ ಬೇಡ ಕಣೋ," ಅಂದರು. "ಬೆಳಗ್ಗೆ ನಂಗೆ ಕೆಲ್ಸ ಇದೆ. ಊಟದ ಹೊತ್ತಿಗೆ ಬಾ."